ಸಾರ್ಟೆಕ್ಸ್ ಯಂತ್ರದ ಹಿಂದೆ ಯಾರಿದ್ದಾರೆ? ಕಾಳು ಆರಿಸುವ ಉದ್ಯಮದ ಪೈಪೋಟಿ

ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಅಂಗಡಿಗಳಲ್ಲಿ ಚೀಲದ ಮೇಲೆ ಬ್ರಾಂಡಿನ ಹೆಸರು ಏನೇ ಇರಲಿ, ಅದರ ಕೆಳಗೆ ಸಾಮಾನ್ಯವಾಗಿ ಒಂದು ಪದ ಕಾಣುತ್ತದೆ: ಸಾರ್ಟೆಕ್ಸ್. ಕೊಳ್ಳಲು ಬಂದವರೂ "ಸಾರ್ಟೆಕ್ಸ್ ಮಾಡಿದ್ದು ಕೊಡ್ರಿ" ಎಂದೇ ಕೇಳುತ್ತಾರೆ. ಕಲ್ಲಿಲ್ಲದ, ಕಪ್ಪು ಕಾಳಿಲ್ಲದ, ತೊಳೆದು ನೇರ ಒಲೆಯ ಮೇಲೆ ಇಡಬಹುದಾದ ಅಕ್ಕಿ ಎಂಬುದು ಅದರ ಅರ್ಥ. ನಮ್ಮ ಅಜ್ಜಿ ಇದಕ್ಕೆ 'ಹಸನು ಮಾಡುವುದು' ಎನ್ನುತ್ತಿದ್ದಳು. ಒಂದು ಮೊರ, ಚೆನ್ನಾಗಿ ಕಾಣುವ ಕಣ್ಣು, ಬಿಡುವಿನ ಒಂದು ಮಧ್ಯಾಹ್ನ ಇದ್ದರೆ ಆ ಕೆಲಸ ಮುಗಿಯುತ್ತಿತ್ತು.

ಸಾರ್ಟೆಕ್ಸ್ ಎಂಬುದು ಕಾಳು ಆರಿಸುವ ಯಂತ್ರ ಮಾಡುವ, 1947ರಲ್ಲಿ ಲಂಡನ್ನಿನಲ್ಲಿ ಶುರುವಾದ ಒಂದು ಕಂಪನಿಯ ಹೆಸರು. ಮುಂದೆ ಅದನ್ನು ಸ್ವಿಟ್ಜರ್ಲೆಂಡಿನ ಬ್ಯೂಲರ್ ಕಂಪನಿ ಕೊಂಡಿತು. ಇವತ್ತಿಗೂ ಆ ಹೆಸರು ಬ್ಯೂಲರ್‌ನದೇ. ಆದರೆ ನಮ್ಮ ಕಡೆ ಜಪಾನಿನ ಯಂತ್ರದಲ್ಲಿ ಬಂದ ಅಕ್ಕಿಗೂ, ಚೀನಾದ ಯಂತ್ರದಲ್ಲಿ ಬಂದ ಅಕ್ಕಿಗೂ, ಕೊಯಮತ್ತೂರಿನ ಯಂತ್ರದಲ್ಲಿ ಬಂದ ಅಕ್ಕಿಗೂ ಸಾರ್ಟೆಕ್ಸ್ ಎಂದೇ ಹೆಸರು. ಮಿಲ್ಲಿನ ಒಳಗೆ ಒಬ್ಬರ ಯಂತ್ರ, ಚೀಲದ ಮೇಲೆ ಇನ್ನೊಬ್ಬರ ಹೆಸರು. ಹೆಸರು ಇಷ್ಟು ಊರೂರಿಗೆ ಹರಡಿದ ಮೇಲೆ ಈ ಉದ್ಯಮದಲ್ಲಿ ಪೈಪೋಟಿ ಯಾವುದರ ಮೇಲೆ ನಡೆಯುತ್ತಿದೆ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಮಾವನ ಮಿಲ್ಲಿನಲ್ಲಿ.

ಕಾರಟಗಿ ಹತ್ತಿರ ನನ್ನ ಸೋದರಮಾವನದೊಂದು ಸಾಧಾರಣ ಗಾತ್ರದ ರೈಸ್ ಮಿಲ್ ಇದೆ. ಒಂದು ಮಳೆಗಾಲ, ಆರ್ಡರ್ ತುಂಬಿದ್ದ ಹೊತ್ತಿನಲ್ಲೇ, ಒಳ್ಳೆ ಅಕ್ಕಿ ಬೀಳುವ ಕಡೆ ಕಪ್ಪು ಕಾಳು ಕಾಣಿಸತೊಡಗಿದವು. ಸಾರ್ಟರಿನ, ಅಂದರೆ ಕಾಳು ಆರಿಸುವ ಯಂತ್ರದ, ಪರದೆಯ ಮೇಲೆ ಯಾವ ದೋಷವೂ ಇಲ್ಲ. ಡೀಲರಿಗೆ ಫೋನ್ ಮಾಡಿದರೆ ಎಂಜಿನಿಯರ್ ಬೇರೆ ರಾಜ್ಯದಲ್ಲಿದ್ದಾರೆ, ಬರಲು ನಾಲ್ಕೈದು ದಿನ ಬೇಕು ಎಂಬ ಉತ್ತರ. ಮೂರನೆಯ ದಿನ ಮಾವ ತಡೆಯಲಾರದೆ ಊರಿನ ಕಂಪ್ರೆಸರ್ ಮೆಕ್ಯಾನಿಕ್‌ನನ್ನು ಕರೆಸಿದರು. ಆತ ಸಾರ್ಟರಿನ ಕಡೆ ನೋಡಲೂ ಇಲ್ಲ. ಹಿಂದಿನ ಶೆಡ್ಡಿಗೆ ಹೋಗಿ ಗಾಳಿ ಟ್ಯಾಂಕಿನ ಕೆಳಗಿನ ಡ್ರೈನ್ ತಿರುವಿದ. ಚಹಾ ಬಣ್ಣದ ನೀರು ಬುಸುಬುಸು ಎಂದು ಹೊರಬಂತು. "ಸಾವುಕಾರ್ರ, ನಿಮ್ಮ ಗಾಳಿನೇ ಹಸಿ ಐತ್ರಿ. ಡ್ರೈಯರ್ ಕೆಲಸ ಬಿಟ್ಟು ಬಾಳ ದಿನ ಆಗೈತಿ," ಎಂದ.

ಗಾಳಿಯ ತೇವ ತೆಗೆಯುವ ಆ ಡ್ರೈಯರ್ ಅವತ್ತೇ ಸರಿಯಾಯಿತು. ಆದರೆ ಹಸಿ ಗಾಳಿ ಹೊಕ್ಕು, ಕೆಟ್ಟ ಕಾಳಿಗೆ ಗಾಳಿ ಹೊಡೆಯುವ ಸಾರ್ಟರಿನ ಒಳಗಿನ ಹತ್ತಾರು ವಾಲ್ವ್‌ಗಳು ಕಟ್ಟಿಕೊಂಡಿದ್ದವು. ಆ ವಾಲ್ವ್ ಊರಲ್ಲಿ ಸಿಗುವುದಿಲ್ಲ, ಕಂಪನಿಯಿಂದಲೇ ಬರಬೇಕು. ಯಾವ ವಾಲ್ವ್ ಸತ್ತಿದೆ ಎಂದು ಪರೀಕ್ಷಿಸುವ ಪುಟ ಯಂತ್ರದ ಪರದೆಯಲ್ಲೇ ಇದೆ, ಅದಕ್ಕೆ ಪಾಸ್‌ವರ್ಡ್. ಪಾಸ್‌ವರ್ಡ್ ಎಂಜಿನಿಯರಿಗೆ ಮಾತ್ರ ಗೊತ್ತು. ತನ್ನದೇ ದುಡ್ಡಿನ ಯಂತ್ರದ ಮುಂದೆ ಮಾವ ಕೈಕಟ್ಟಿ ನಿಂತಿದ್ದನ್ನು ನಾನು ನೋಡಿದೆ. ಯಂತ್ರ ಕೊಳ್ಳುವಾಗ ನಾಲ್ಕು ಕಂಪನಿಗಳ ಕೊಟೇಶನ್ ತರಿಸಿ ಚೌಕಾಸಿ ಮಾಡಿದ್ದ ಮನುಷ್ಯನಿಗೆ, ಕೊಂಡ ಮೇಲೆ ಕೇಳಲು ಒಬ್ಬನೇ ಒಬ್ಬ ಉಳಿದಿದ್ದ.

ಈ ಉದ್ಯಮದ ಪೈಪೋಟಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಹಿಂದಿನ ಶೆಡ್ಡಿನಿಂದಲೇ ಶುರು ಮಾಡಬೇಕು ಎಂಬುದು ನನ್ನ ವಾದ.

ಸೆಕೆಂಡಿಗೆ ಲಕ್ಷ ಕಾಳು

ಮೊದಲು ಯಂತ್ರ ಏನು ಮಾಡುತ್ತದೆ ನೋಡೋಣ. ಭತ್ತದ ಹೊಟ್ಟು ಹೋಗಿ, ತೌಡು ಹೋಗಿ, ಪಾಲಿಶ್ ಆಗಿ, ನುಚ್ಚು ಬೇರೆಯಾದ ಮೇಲೆ ಅಕ್ಕಿ ಎಲಿವೇಟರಿನಲ್ಲಿ ಮೇಲೇರಿ ಸಾರ್ಟರಿನ ಹಾಪರಿಗೆ ಬೀಳುತ್ತದೆ. ಅಲ್ಲಿಂದ ನಡುಗುವ ತಟ್ಟೆಯ ಮೇಲೆ ಹರಡಿಕೊಂಡು, ಇಳಿಜಾರಾದ ಚೂಟಿನಲ್ಲಿ ಜಾರುತ್ತದೆ. ಚೂಟಿನ ತುದಿ ದಾಟಿ ಕಾಳು ಗಾಳಿಯಲ್ಲಿ ಬೀಳುವ ಒಂದು ಕ್ಷಣದಲ್ಲಿ ಮುಂದೆಯೂ ಹಿಂದೆಯೂ ಇರುವ ಕ್ಯಾಮೆರಾಗಳು ಅದನ್ನು ನೋಡುತ್ತವೆ. ಬಣ್ಣ ಸರಿಯಿಲ್ಲ ಎಂದು ಕಂಡರೆ, ಆ ಕಾಳು ಕೆಲವೇ ಸೆಂಟಿಮೀಟರ್ ಕೆಳಗೆ ಬರುವ ಹೊತ್ತಿಗೆ ಸರಿಯಾಗಿ ಒಂದು ವಾಲ್ವ್ ತೆರೆದು, ಸೂಜಿಯಂಥ ಗಾಳಿ ಹೊಡೆದು, ಅದನ್ನು ರಿಜೆಕ್ಷನ್ ಕಡೆಗೆ ತಳ್ಳುತ್ತದೆ.

ಸಣ್ಣ ಲೆಕ್ಕ ಹಾಕಿ. ನಮ್ಮ ಸೋನಾ ಮಸೂರಿಯಂಥ ಸಣ್ಣಕ್ಕಿ ಸಾವಿರ ಕಾಳಿಗೆ ಹತ್ತು ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ, ಒಂದು ಟನ್ನಿಗೆ ಹತ್ತು ಕೋಟಿ ಕಾಳು. ಗಂಟೆಗೆ 4 ಟನ್ ಓಡುವ ಯಂತ್ರ ಸೆಕೆಂಡಿಗೆ ಒಂದು ಲಕ್ಷಕ್ಕೂ ಮೀರಿ ಕಾಳು ನೋಡಬೇಕು. ಪ್ರತಿ ಕಾಳಿಗೂ ಒಂದು ತೀರ್ಪು ಕೊಡಬೇಕು.

ಇದರಲ್ಲಿ ಕಣ್ಣು, ಮಿದುಳು, ಕೈ ಮೂರೂ ಇವೆ. ಕಣ್ಣು ಎಂದರೆ ಕ್ಯಾಮೆರಾ ಮತ್ತು ದೀಪ. ಹಳೆಯ ಯಂತ್ರಗಳಲ್ಲಿ ಟ್ಯೂಬ್‌ಲೈಟ್ ಇರುತ್ತಿದ್ದವು, ಈಗ ಎಲ್‌ಇಡಿ. ಕಲಬುರಗಿಯ ತೊಗರಿ ಬೇಳೆಯಲ್ಲಿ ಬೇಳೆಯ ಬಣ್ಣದ್ದೇ ಕಲ್ಲು ಸೇರಿಕೊಂಡರೆ ಬಣ್ಣ ನೋಡಿ ಪ್ರಯೋಜನವಿಲ್ಲ, ಅದಕ್ಕೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬೇಕಾಗುತ್ತದೆ. ಮಿದುಳು ಎಂದರೆ ಸಾಫ್ಟ್‌ವೇರ್. ಕೈ ಎಂದರೆ ಗಾಳಿ. ಈ ಗಾಳಿಯ ಹಿಂದೆ ಕಂಪ್ರೆಸರ್, ಡ್ರೈಯರ್, ಫಿಲ್ಟರ್, ಅವಕ್ಕೆ ಕರೆಂಟು, ಕರೆಂಟು ಏರಿಳಿದರೆ ತಡೆಯಲು ಸ್ಟೆಬಿಲೈಜರ್, ಯುಪಿಎಸ್. ಕಂಪ್ರೆಸರ್ ಮಾಡುವವರು ಬೇರೆ, ಸಾರ್ಟರ್ ಮಾಡುವವರು ಬೇರೆ. ಕೆಟ್ಟಾಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಈ ರೀತಿಯ ಅವಲಂಬನೆಗಳ ಜಾಲಕ್ಕೆ 1993ರಲ್ಲಿ ಜೇಮ್ಸ್ ಮೂರ್ ಎಂಬ ಅಮೆರಿಕದ ಚಿಂತಕ ಜೀವಪರಿಸರದ ಹೋಲಿಕೆ ಕೊಟ್ಟು ಬರೆದ. ಕಾಡಿನಲ್ಲಿ ಮರ, ಬಳ್ಳಿ, ಹುಳ, ಹಕ್ಕಿ ಒಟ್ಟಿಗೇ ಬೆಳೆಯುವಂತೆ, ವ್ಯಾಪಾರದಲ್ಲೂ ತಯಾರಕ, ಬಿಡಿಭಾಗದವನು, ಡೀಲರ್, ಬ್ಯಾಂಕು, ಗ್ರಾಹಕ ಒಟ್ಟಿಗೇ ಬೆಳೆಯುತ್ತಾರೆ, ಕಂಪನಿ ಕಂಪನಿಗಳ ನಡುವಿನ ಜಗಳ ಬಳಗ ಬಳಗಗಳ ನಡುವಿನ ಜಗಳವಾಗುತ್ತದೆ ಎಂಬುದು ಅವನ ಮಾತಿನ ಸಾರ. ನಾನು 'ಬಳಗ' ಎಂಬ ಪದವನ್ನೇ ಬಳಸುತ್ತೇನೆ. ಬಳಗದಲ್ಲಿ ಸಹಾಯವೂ ಇದೆ, ಹಿಡಿತವೂ ಇದೆ, ನಮ್ಮ ಮನೆಗಳಲ್ಲಿ ಇರುವಂತೆಯೇ.

ದೊಡ್ಡವರು ದೊಡ್ಡವರಾದ ಬಗೆ

ಈ ಉದ್ಯಮದ ಹಿರಿಯರು ಬಂದ ದಾರಿಗಳು ಒಂದಕ್ಕೊಂದು ಸಂಬಂಧವಿಲ್ಲದವು. ಜಪಾನಿನ ಹಿರೋಶಿಮಾ ಪ್ರಾಂತ್ಯದ ಸತಾಕೆ 1896ರಿಂದ ಅಕ್ಕಿ ಯಂತ್ರಗಳ ಕಂಪನಿ. ಅಕ್ಕಿ ಗಿರಣಿಯ ಉಳಿದ ಎಲ್ಲ ಯಂತ್ರ ಮಾಡುತ್ತಿದ್ದವರಿಗೆ ಕಾಳು ಆರಿಸುವುದು ಕೊನೆಯ ಮೆಟ್ಟಿಲಾಗಿ ಬಂತು. ಬ್ಯೂಲರ್ 1860ರಲ್ಲಿ ಕಬ್ಬಿಣದ ಎರಕದಿಂದ ಶುರುವಾಗಿ ಹಿಟ್ಟಿನ ಗಿರಣಿಗಳಿಗೆ ಬೆಳೆದ ಸಂಸ್ಥೆ. ಸಾರ್ಟೆಕ್ಸನ್ನು ಅದು ಕೊಂಡು ತನ್ನ ಸಾಲಿಗೆ ಸೇರಿಸಿಕೊಂಡಿತು. ಅಮೆರಿಕದ ವಾಲಾ ವಾಲಾ ಊರಿನ ಕೀ ಟೆಕ್ನಾಲಜಿ ಆಲೂಗಡ್ಡೆ, ತರಕಾರಿ ಸಂಸ್ಕರಣೆಯ ಜೊತೆ ಬೆಳೆಯಿತು, 2018ರಲ್ಲಿ ಡ್ಯುರಾವಂಟ್ ಎಂಬ ದೊಡ್ಡ ಗುಂಪಿನ ಪಾಲಾಯಿತು.

ಎಲ್ಲಕ್ಕಿಂತ ಹೆಚ್ಚು ಕಲಿಯುವಂಥದ್ದು ನಾರ್ವೆಯ ಟಾಮ್ರಾದ ಕಥೆ. 1972ರಲ್ಲಿ ಪ್ಲಾಂಕೆ ಸಹೋದರರು ಕಟ್ಟಿದ ಈ ಕಂಪನಿ ಮೊದಲು ಮಾಡಿದ್ದು ಖಾಲಿ ಬಾಟಲಿ ವಾಪಸು ಪಡೆಯುವ ಯಂತ್ರ. ಬಾಟಲಿಗೆ ಠೇವಣಿ ಕಟ್ಟುವ ಪದ್ಧತಿ ಇದ್ದಲ್ಲಿ ಮಾತ್ರ ಆ ಯಂತ್ರಕ್ಕೆ ಬೆಲೆ. ಹಾಗಾಗಿ ಅವರ ಮಾರುಕಟ್ಟೆ ಒಂದೊಂದು ದೇಶದ ಕಾನೂನಿನ ಜೊತೆ ಬೆಳೆಯಿತು. ಆಮೇಲೆ ಅವರು ಕೊಳ್ಳುತ್ತಾ ಹೋದರು: 2004ರಲ್ಲಿ ಕಸ ವಿಂಗಡಿಸುವ ಟೈಟೆಕ್, 2011ರಲ್ಲಿ ಆಲೂಗಡ್ಡೆಯ ಓಡನ್‌ಬರ್ಗ್, 2012ರಲ್ಲಿ ಬೆಲ್ಜಿಯಂನ ಬೆಸ್ಟ್, 2017ರಲ್ಲಿ ನ್ಯೂಜಿಲೆಂಡಿನ ಹಣ್ಣು ವಿಂಗಡಿಸುವ ಕಾಂಪ್ಯಾಕ್, ಮರುವರ್ಷ ಅಲ್ಲಿಯದೇ ಬಿಬಿಸಿ ಟೆಕ್ನಾಲಜೀಸ್. ಒಂದು ಕಡೆ ಪ್ಲಾಸ್ಟಿಕ್, ಒಂದು ಕಡೆ ಸೇಬು, ಇನ್ನೊಂದು ಕಡೆ ಗಣಿ. 2015ರ ನವೆಂಬರಿನಲ್ಲಿ ಬೋಟ್ಸ್ವಾನಾದ ಕರೋವೆ ಗಣಿಯಲ್ಲಿ 1,109 ಕ್ಯಾರೆಟ್ಟಿನ ವಜ್ರ ಸಿಕ್ಕಿತಲ್ಲ, ಕಲ್ಲಿನ ರಾಶಿಯಿಂದ ಅದನ್ನು ಹೆಕ್ಕಿದ್ದು ಟಾಮ್ರಾದ ಎಕ್ಸ್‌ರೇ ಯಂತ್ರ. ಕಲ್ಲನ್ನು ಸಣ್ಣಗೆ ಪುಡಿ ಮಾಡುವ ಹಳೆಯ ಕ್ರಮದಲ್ಲಿ ಅಂಥ ವಜ್ರ ಒಡೆದು ಹೋಗುವ ಭಯವಿರುತ್ತದೆ.

ವಜ್ರದ ಮಾತು ಅಕ್ಕಿಗೆ ಯಾಕೆ ಎಂದರೆ, ದೊಡ್ಡವರ ಶಕ್ತಿ ಇರುವುದು ಇಲ್ಲೇ. ನೋಡು, ತೀರ್ಮಾನಿಸು, ಗಾಳಿ ಹೊಡೆ ಎಂಬ ಒಂದೇ ವಿದ್ಯೆಯನ್ನು ಅವರು ಹತ್ತು ಉದ್ಯಮಗಳಿಗೆ ಮಾರುತ್ತಾರೆ. ಸಂಶೋಧನೆಯ ಖರ್ಚು ಹತ್ತು ಕಡೆ ಹಂಚಿ ಹೋಗುತ್ತದೆ. ಅಕ್ಕಿ ಮತ್ತು ಬೇಳೆಯನ್ನೇ ನಂಬಿದ ಕೊಯಮತ್ತೂರಿನ ಒಬ್ಬ ತಯಾರಕನಿಗೆ ಆ ಅನುಕೂಲ ಇಲ್ಲ.

ಹೆಫೈ ಎಂಬ ಊರು

ಹಾಗಿದ್ದರೆ ಚೀನಾ ಹೇಗೆ ಒಳಹೊಕ್ಕಿತು? ಕ್ಯಾಮೆರಾ ಸೆನ್ಸರ್, ಲೆನ್ಸ್, ಎಲ್‌ಇಡಿ, ಲೆಕ್ಕ ಮಾಡುವ ಚಿಪ್ಪು, ಗಾಳಿ ವಾಲ್ವ್ ಇವೆಲ್ಲ ಒಂದು ಕಾಲದಲ್ಲಿ ದುರ್ಲಭವಾಗಿದ್ದವು, ಕ್ರಮೇಣ ಪೇಟೆಯಲ್ಲಿ ದುಡ್ಡು ಕೊಟ್ಟರೆ ಸಿಗುವ ಸಾಮಾನುಗಳಾದವು. ಆಮೇಲೆ ಉಳಿದ ಕೆಲಸ ಜೋಡಿಸುವುದು, ಹೊಂದಿಸುವುದು, ಪಳಗಿಸುವುದು. ಆ ಕೆಲಸಕ್ಕೆ ಬೇಕಾದದ್ದೆಲ್ಲ ಒಂದೇ ಊರಿನಲ್ಲಿ ಕೂಡಿಬಂದದ್ದು ಆನ್ಹುಯಿ ಪ್ರಾಂತ್ಯದ ರಾಜಧಾನಿ ಹೆಫೈಯಲ್ಲಿ. ಸುತ್ತ ಭತ್ತ ಬೆಳೆಯುವ ನಾಡು. 1970ರ ಹೊತ್ತಿಗೆ ಬೀಜಿಂಗಿನಿಂದ ಅಲ್ಲಿಗೆ ಎತ್ತಂಗಡಿಯಾದ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಊರಿಗೆ ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್ ಓದಿದವರನ್ನು ಕೊಟ್ಟಿತು. ಒಂದು ಕಂಪನಿಯಲ್ಲಿ ಕಲಿತವರು ಇನ್ನೊಂದಕ್ಕೆ ಹೋದರು, ಪಕ್ಕದಲ್ಲೇ ಬಿಡಿಭಾಗದವರು ಬೆಳೆದರು. ಅಲ್ಲಿಯ ಮೇಯರ್ ಕಂಪನಿ 1990ರ ದಶಕದಲ್ಲಿ ಹುಟ್ಟಿ 2012ರಲ್ಲಿ ಶೆನ್ಜೆನ್ ಷೇರುಪೇಟೆಗೆ ಬಂತು. ಈಗ ಅದು ಹಲ್ಲಿನ ಡಾಕ್ಟರುಗಳು ಬಳಸುವ ಎಕ್ಸ್‌ರೇ ಸ್ಕ್ಯಾನ್ ಯಂತ್ರಗಳನ್ನೂ ಮಾಡುತ್ತದೆ. ಕಾಳು ನೋಡಿ ಕಲಿತ ವಿದ್ಯೆ ಹಲ್ಲು ನೋಡಲೂ ಬಂತು.

ಹೆಫೈಯ ಯಂತ್ರಗಳು ನಮ್ಮ ಕಡೆಯ ಸಣ್ಣ ಮಿಲ್ಲುಗಳಿಗೆ ಸಾರ್ಟರನ್ನು ಕೈಗೆಟುಕುವಂತೆ ಮಾಡಿದವು. ಇದು ಒಳ್ಳೆಯದೇ ಆಯಿತು, ಇದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ 2020ರ ಗಲ್ವಾನ್ ಘರ್ಷಣೆಯ ನಂತರ ಚೀನಾದ ತಂತ್ರಜ್ಞರಿಗೆ ವೀಸಾ ಬಿಗಿಯಾದಾಗ, ಯಂತ್ರ ಇಲ್ಲಿ, ಬಲ್ಲವರು ಅಲ್ಲಿ ಎಂಬ ಸ್ಥಿತಿಯೂ ಬಂತು. ಇಲ್ಲೇ ಒಳ್ಳೆ ಎಂಜಿನಿಯರುಗಳನ್ನು ತಯಾರು ಮಾಡಿಕೊಂಡಿದ್ದ ಡೀಲರುಗಳು ನಿಂತರು. ಬರೀ ಡಬ್ಬಿ ತರಿಸಿ ಮಾರುತ್ತಿದ್ದವರ ಗ್ರಾಹಕರು ಕಷ್ಟಪಟ್ಟರು.

ನಮ್ಮ ಕಡೆಯ ಕಂಪನಿಗಳು

ಕರ್ನಾಟಕ ಈ ಕಥೆಯಲ್ಲಿ ಬರೀ ಕೊಳ್ಳುವವರ ನಾಡಲ್ಲ. ಬ್ಯೂಲರ್‌ನ ಭಾರತದ ಕಾರ್ಖಾನೆ ಇರುವುದು ಬೆಂಗಳೂರಿನ ಹೊರವಲಯದ ಅತ್ತಿಬೆಲೆಯಲ್ಲಿ. ರೈಸ್ ಮಿಲ್ ಯಂತ್ರಗಳಿಗೆ ಹೆಸರಾದ ಮಿಲ್ಟೆಕ್ ಬೆಂಗಳೂರಿನದು, 2019ರಲ್ಲಿ ಕೆನಡಾದ ಎಜಿಐ ಅದನ್ನು ಕೊಂಡಿತು. ಕಲ್ಲು ತೆಗೆಯುವುದರಿಂದ ಹಿಡಿದು ಪಾಲಿಶಿನವರೆಗೆ ಇಡೀ ಮಿಲ್ಲಿನ ಸಾಲು ಮಾರುವ ಇಂಥ ಕಂಪನಿಗಳಿಗೆ ಒಂದು ದೊಡ್ಡ ಅನುಕೂಲವಿದೆ. ಹೊಸ ಮಿಲ್ ಕಟ್ಟುವವನು ಬ್ಯಾಂಕಿಗೆ ಒಂದೇ ಕೊಟೇಶನ್ ಕೊಟ್ಟು ಮುಗಿಸಲು ಬಯಸುತ್ತಾನೆ, ಸಾರ್ಟರ್ ಆ ಗಂಟಿನ ಜೊತೆ ಬಂದುಬಿಡುತ್ತದೆ. ಬಿಡಿಯಾಗಿ ಸಾರ್ಟರನ್ನಷ್ಟೇ ಮಾರುವವನು ಎಷ್ಟೇ ಒಳ್ಳೆ ಯಂತ್ರ ಮಾಡಿದರೂ ಆ ಬಾಗಿಲು ತಟ್ಟುವ ಹೊತ್ತಿಗೆ ವ್ಯವಹಾರ ಮುಗಿದಿರುತ್ತದೆ.

ಕೊಯಮತ್ತೂರಿನಲ್ಲಿ ಪಂಪು, ಮೋಟಾರು, ನೂಲಿನ ಗಿರಣಿ ಯಂತ್ರಗಳನ್ನು ಮಾಡಿ ಪಳಗಿದ ಕೈಗಳಿವೆ, ಅದರ ಮೇಲೆ ಸಾರ್ಟರ್ ತಯಾರಕರ ಒಂದು ಗುಂಪೇ ಬೆಳೆದಿದೆ. ಹುಬ್ಬಳ್ಳಿಯ ನ್ಯಾನೋಪಿಕ್ಸ್ ಗೋಡಂಬಿಯನ್ನು ಕ್ಯಾಮೆರಾದಿಂದ ನೋಡಿ ದರ್ಜೆ ಮಾಡುವ ಯಂತ್ರ ತಯಾರಿಸಿತು. ಗೋಡಂಬಿಯ ದರ್ಜೆ ಸ್ವಾರಸ್ಯದ್ದು. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ 300ರಿಂದ 320 ಬೀಜ ಬರುವ ಇಡಿ ಗೋಡಂಬಿ. 240 ಇನ್ನೂ ದಪ್ಪ, 180 ಅದಕ್ಕಿಂತ ದಪ್ಪ. ಇಲ್ಲಿ ಬಣ್ಣದ ಜೊತೆ ಗಾತ್ರ, ಸೀಳು, ತುದಿ ಮುರಿದಿದೆಯೇ ಎಂಬುದೂ ಬೇಕು. ಅಡಿಕೆಯದು ಇನ್ನೂ ಕಠಿಣ. ರಾಶಿ, ಬೆಟ್ಟೆ, ಗೊರಬಲು ಎಂಬ ಭೇದಗಳನ್ನು ಯೂರೋಪಿನ ಯಾವ ಎಂಜಿನಿಯರೂ ಹುಟ್ಟಿನಿಂದ ಬಲ್ಲವನಲ್ಲ. ಶಿವಮೊಗ್ಗ, ಚನ್ನಗಿರಿ ಕಡೆ ಅಡಿಕೆಯ ರಾಶಿ ಮುಂದೆ ಕೂತು ಆರಿಸುವ ಹೆಂಗಸರ ಕಣ್ಣಿನಲ್ಲಿ ಆ ವಿದ್ಯೆ ಇದೆ. ದೊಡ್ಡವರಿಗೆ ಸಣ್ಣದೆನಿಸುವ ಇಂಥ ಪೇಟೆಗಳೇ ನಮ್ಮ ಕಡೆಯ ತಯಾರಕರಿಗೆ ಕಾಲೂರಲು ಜಾಗ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಕಾರ್ಕಳ, ಕುಂದಾಪುರದ ಗೋಡಂಬಿ ಕಾರ್ಖಾನೆಗಳಲ್ಲಿ, ಅಡಿಕೆ ಮಂಡಿಗಳಲ್ಲಿ ಆರಿಸುವ ಕೆಲಸ ಹೆಚ್ಚಾಗಿ ಹೆಂಗಸರದು. ಯಂತ್ರಕ್ಕೆ 'ಕಲಿಸುವುದು' ಎಂದರೆ ಒಳ್ಳೆಯದು ಕೆಟ್ಟದ್ದು ಎಂದು ಗುರುತು ಹಾಕಿದ ಸಾವಿರಾರು ಚಿತ್ರ ಕೊಡುವುದು. ಆ ಗುರುತು ಬರುವುದು ಇವರ ತಿಳಿವಳಿಕೆಯಿಂದ. ಅವರ ಕಣ್ಣನ್ನು ಕಲಿತ ಯಂತ್ರ ಅವರ ಜಾಗಕ್ಕೇ ಬಂದು ಕೂರುತ್ತದೆ. ಬಳಗದ ಲೆಕ್ಕ ಬರೆಯುವಾಗ ಇವರ ಹೆಸರೇ ಬಿಟ್ಟುಹೋಗುವುದು ನನಗೆ ನೋವಿನ ಸಂಗತಿ. ಯಂತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಯಂತ್ರ ಬಂದ ಕಾರ್ಖಾನೆಯಲ್ಲಿ ಅದನ್ನು ನಡೆಸುವ, ಸೆಟ್ಟಿಂಗ್ ಮಾಡುವ ಕೆಲಸಕ್ಕೆ ಮೊದಲು ಕರೆಯಬೇಕಾದದ್ದು ಹತ್ತಿಪ್ಪತ್ತು ವರ್ಷ ಆರಿಸಿದ ಆ ಹೆಂಗಸರನ್ನೇ. ಯಾವುದು ಡಾಗು, ಯಾವುದು ನೆರಳು ಎಂದು ಅವರಷ್ಟು ಬೇಗ ಹೇಳಬಲ್ಲವರು ಯಾರಿದ್ದಾರೆ?

ಕೊಂಡ ಮೇಲಿನ ಲೆಕ್ಕ

ಸಾರ್ಟರ್ ಮಾರುವವರೆಲ್ಲ ಶೇ 99ಕ್ಕೂ ಮೀರಿದ ನಿಖರತೆಯ ಮಾತಾಡುತ್ತಾರೆ. ಮಿಲ್ ಮಾಲೀಕನ ಹೊಟ್ಟೆಗೆ ತಟ್ಟುವುದು ಇನ್ನೊಂದು ಅಂಕಿ: ಕೆಟ್ಟ ಕಾಳಿನ ಜೊತೆ ಎಷ್ಟು ಒಳ್ಳೆ ಕಾಳು ಹೊರಹೋಗುತ್ತಿದೆ ಎಂಬುದು. ಗಾಳಿ ಒಂದು ಕಪ್ಪು ಕಾಳನ್ನು ಹೊಡೆದಾಗ ಅಕ್ಕಪಕ್ಕದ ಎರಡು ಮೂರು ಒಳ್ಳೆ ಕಾಳೂ ಹಾರುತ್ತವೆ. ದಿನಕ್ಕೆ 40 ಟನ್ ಅಕ್ಕಿ ಓಡುವ ಮಿಲ್ಲಿನಲ್ಲಿ ಅರ್ಧ ಶೇಕಡಾ ಒಳ್ಳೆ ಅಕ್ಕಿ ಹೆಚ್ಚಿಗೆ ಹೊರಹೋಯಿತು ಎಂದುಕೊಳ್ಳಿ. ಅದು 200 ಕಿಲೋ. ಒಳ್ಳೆ ಅಕ್ಕಿಗೂ ರಿಜೆಕ್ಷನ್ನಿಗೂ ಕಿಲೋಗೆ 25 ರೂಪಾಯಿ ಅಂತರ ಹಿಡಿದರೆ ದಿನಕ್ಕೆ 5,000 ರೂಪಾಯಿ. ಇನ್ನೂರು ದಿನ ಮಿಲ್ ನಡೆದರೆ ವರ್ಷಕ್ಕೆ ಹತ್ತು ಲಕ್ಷ. ಕೊಳ್ಳುವಾಗ ಚೌಕಾಸಿ ಮಾಡಿ ಉಳಿಸಿದ ದುಡ್ಡು ಹೀಗೆ ಸದ್ದಿಲ್ಲದೆ ಸೋರಿಹೋಗುತ್ತದೆ.

ಈ ಸೋರಿಕೆ ಯಂತ್ರದ ಗುಣಕ್ಕಿಂತ ಸೆಟ್ಟಿಂಗಿನಿಂದ, ಗಾಳಿಯ ಒತ್ತಡದಿಂದ, ಗಾಜು ಒರೆಸುವ ವೈಪರ್ ಸವೆದಿದೆಯೇ ಎಂಬುದರಿಂದ, ವಾಲ್ವ್ ಚುರುಕಾಗಿದೆಯೇ ಎಂಬುದರಿಂದ ಹೆಚ್ಚು ನಿರ್ಧಾರವಾಗುತ್ತದೆ. ಹೊಸ ಭತ್ತ ಬಂದಾಗ ಒಂದು ಸೆಟ್ಟಿಂಗ್, ಹಳೆ ಭತ್ತಕ್ಕೆ ಇನ್ನೊಂದು, ಸ್ಟೀಮ್ ಅಕ್ಕಿಗೆ ಮತ್ತೊಂದು. ಅಂದರೆ ಯಂತ್ರದ ನಿಜವಾದ ಬೆಲೆ ಅದರ ಹತ್ತಿರ ಬಂದು ನಿಲ್ಲಬಲ್ಲ ಮನುಷ್ಯನ ಕೈಯಲ್ಲಿದೆ. ತಯಾರಕರಿಗೂ ಇದು ಗೊತ್ತು. ಸಾರ್ಟರಿನ ಮೇಲಿನ ಲಾಭ ಪೈಪೋಟಿಯಿಂದ ಕರಗಿದಷ್ಟೂ ಬಿಡಿಭಾಗ, ವಾರ್ಷಿಕ ನಿರ್ವಹಣೆಯ ಒಪ್ಪಂದ, ಸಾಫ್ಟ್‌ವೇರ್ ಕಡೆ ಅವರ ಕಣ್ಣು ಹೊರಳುತ್ತದೆ. ಪಾಸ್‌ವರ್ಡಿನ ಬೀಗ ಬಂದದ್ದು ಈ ಕಾರಣಕ್ಕೆ. ಗೊತ್ತಿಲ್ಲದವರು ಕೈಹಾಕಿ ಕೆಡಿಸಬಾರದು ಎಂಬ ಅವರ ಸಮಜಾಯಿಷಿಯಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಯಾವ ವಾಲ್ವ್ ಸತ್ತಿದೆ ಎಂದು ನೋಡಲೂ ಬೀಗ ಯಾಕೆ? ಅದು ವ್ಯಾಪಾರದ ಬೀಗವೇ ಹೊರತು ಸುರಕ್ಷತೆಯದಲ್ಲ.

ಸರ್ಕಾರದ ನೆರವೂ ಕೊಳ್ಳುವ ದಿನಕ್ಕೇ ನಿಲ್ಲುತ್ತದೆ. 2020ರಲ್ಲಿ ಬಂದ ಕಿರು ಆಹಾರ ಉದ್ದಿಮೆಗಳ ಯೋಜನೆಯಲ್ಲಿ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟರು. ಅದೇ ವರ್ಷದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ, ವಿಂಗಡಣೆ ಮತ್ತು ದರ್ಜೆ ಮಾಡುವ ಘಟಕಗಳಿಗೂ ಅದು ಸಿಗುವಂತೆ ಮಾಡಿದರು. ಎರಡೂ ಒಳ್ಳೆಯ ಯೋಜನೆಗಳು. ಮೂರನೆಯ ವರ್ಷ ಯಂತ್ರ ನಿಂತುಹೋದರೆ ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಇನ್ನೊಂದು ಹೊಸ ಸಂಗತಿ ಸೇರಿಕೊಂಡಿದೆ. ಈಗಿನ ಯಂತ್ರಗಳು ಇಂಟರ್ನೆಟ್ಟಿಗೆ ಜೋಡಿಕೊಳ್ಳುತ್ತವೆ. ದೂರದಲ್ಲಿ ಕೂತ ಎಂಜಿನಿಯರ್ ಅಲ್ಲಿಂದಲೇ ದೋಷ ನೋಡಬಹುದು, ಸೆಟ್ಟಿಂಗ್ ತಿದ್ದಬಹುದು. ಮಾವನ ಮಿಲ್ಲಿಗೆ ಅಂಥದ್ದು ಇದ್ದಿದ್ದರೆ ಆ ಐದು ದಿನ ಹಾಳಾಗುತ್ತಿರಲಿಲ್ಲವೋ ಏನೋ. ಆದರೆ ಅದೇ ದಾರಿಯಲ್ಲಿ ಮಿಲ್ಲಿನ ಕಾಳಿನ ಚಿತ್ರಗಳು, ಎಷ್ಟು ಟನ್ ಓಡಿತು, ಎಷ್ಟು ರಿಜೆಕ್ಷನ್ ಬಂತು ಎಂಬ ಮಾಹಿತಿಯೂ ಹೊರಹೋಗಬಹುದು. ಸಾವಿರ ಮಿಲ್ಲುಗಳಿಂದ ಹಾಗೆ ಕೂಡಿಟ್ಟ ಕಂಪನಿಗೆ ಯಂತ್ರವನ್ನು ಇನ್ನೂ ಚೆನ್ನಾಗಿ ಪಳಗಿಸಲು ಸಾಮಗ್ರಿ ಸಿಗುತ್ತದೆ, ಹೊಸದಾಗಿ ಬರುವ ಸಣ್ಣ ತಯಾರಕನಿಗೆ ಅದು ಎಲ್ಲಿಂದ ಬರಬೇಕು? ಮುಂದಿನ ಹತ್ತು ವರ್ಷ ಪೈಪೋಟಿಯ ಬಾಗಿಲು ಮುಚ್ಚುವುದಾದರೆ ಇಲ್ಲಿ ಮುಚ್ಚುತ್ತದೆ ಎಂದು ನನಗನಿಸುತ್ತದೆ. ನಮ್ಮ 2023ರ ದತ್ತಾಂಶ ಕಾನೂನು ರಕ್ಷಿಸುವುದು ವ್ಯಕ್ತಿಗಳ ಖಾಸಗಿ ಮಾಹಿತಿಯನ್ನು. ಅಕ್ಕಿ ಕಾಳಿನ ಫೋಟೋ ಯಾವ ವ್ಯಕ್ತಿಯದೂ ಅಲ್ಲ. ಯೂರೋಪಿನಲ್ಲಿ 2025ರ ಸೆಪ್ಟೆಂಬರ್ 12ರಿಂದ ಜಾರಿಗೆ ಬಂದ ಕಾನೂನು, ಇಂಟರ್ನೆಟ್ಟಿಗೆ ಜೋಡಿಸಿದ ಯಂತ್ರ ಹುಟ್ಟಿಸುವ ಮಾಹಿತಿಯನ್ನು ಬಳಸುವವನಿಗೂ ಕೊಡಬೇಕು, ಅವನು ಹೇಳಿದರೆ ಬೇರೆ ರಿಪೇರಿಯವನಿಗೂ ಕೊಡಬೇಕು ಎನ್ನುತ್ತದೆ. ಅದೇ ಬಗೆಯ ಯಂತ್ರ ಕಾರಟಗಿಗೆ ಬಂದಾಗ ಆ ಹಕ್ಕು ಜೊತೆಗೆ ಬರುವುದಿಲ್ಲ.

ಕಾನೂನಿನಲ್ಲಿ ಏನಿದೆ

ನಮ್ಮಲ್ಲಿ ಪೂರ್ತಿ ಏನೂ ಇಲ್ಲ ಎಂದಲ್ಲ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂಬುದು ಅದರ ನೆಲೆ. ಪ್ರಕರಣ ಮುಂದೆ ಮೇಲ್ಮನವಿಗೆ ಹೋಯಿತು. ದಂಡದ ಮೊತ್ತಕ್ಕಿಂತ ನನಗೆ ಮುಖ್ಯವಾದದ್ದು ಆ ತರ್ಕ. ಕಾರು ಕೊಳ್ಳುವಾಗ ಹತ್ತು ಕಂಪನಿಗಳಿದ್ದರೂ, ಕೊಂಡ ಮೇಲೆ ಆ ಕಾರಿನ ಬಿಡಿಭಾಗದ ಪೇಟೆಯಲ್ಲಿ ಒಬ್ಬನೇ ರಾಜ ಎಂದು ಆಯೋಗ ಗುರುತಿಸಿತು. ಮಾವ ಕೈಕಟ್ಟಿ ನಿಂತ ಸ್ಥಿತಿಗೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ.

2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ಕ್ಷೇತ್ರಗಳನ್ನು ಅದು ಕೈಗೆತ್ತಿಕೊಂಡಿತು. ಗಿರಣಿ ಯಂತ್ರ ಅದರಲ್ಲಿ ಹೆಸರಿಸಿದ್ದಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನೇ ಅಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಮಾತ್ರ ವಿನಾಯಿತಿ. ಹತ್ತು ಕೂಲಿಗಳಿರುವ ಮಿಲ್ ಆ ವಿನಾಯಿತಿಯ ಒಳಗೋ ಹೊರಗೋ ಎಂದು ವಾದಿಸುತ್ತಲೇ ಹಂಗಾಮು ಕಳೆದುಹೋಗುತ್ತದೆ.

ಈ ಸಮಸ್ಯೆಯನ್ನು ನೂರು ವರ್ಷದ ಹಿಂದೆಯೇ ನೇರವಾಗಿ ಎದುರಿಸಿದ ಒಂದು ನಾಡಿದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ವಿಲ್ಮಾಟ್ ಕ್ರೋಜಿಯರ್ ಎಂಬ ರೈತ ಟ್ರ್ಯಾಕ್ಟರ್ ಕೊಂಡು ಮೋಸಹೋದ. ಅವನು ಕೊಂಡದ್ದರಲ್ಲಿ ಒಂದು ಹೆನ್ರಿ ಫೋರ್ಡನಿಗೆ ಸಂಬಂಧವೇ ಇಲ್ಲದ ಕಂಪನಿ ಫೋರ್ಡ್ ಎಂಬ ಹೆಸರಿಟ್ಟು ಮಾರಿದ ಟ್ರ್ಯಾಕ್ಟರ್. ಆತ ಶಾಸಕನಾದ ಮೇಲೆ 1919ರಲ್ಲಿ ಒಂದು ಕಾನೂನು ತರುವಲ್ಲಿ ಮುಂದಾದ. ರಾಜ್ಯದಲ್ಲಿ ಮಾರುವ ಟ್ರ್ಯಾಕ್ಟರಿನ ಮಾದರಿ ವಿಶ್ವವಿದ್ಯಾಲಯದ ಪರೀಕ್ಷೆಗೆ ಒಳಗಾಗಬೇಕು, ಫಲಿತಾಂಶ ಎಲ್ಲರಿಗೂ ಸಿಗಬೇಕು ಎಂಬುದು ಒಂದು ಭಾಗ. ಎಲ್ಲರೂ ನೆನಪಿಡುವುದು ಅದನ್ನೇ. ಇನ್ನೊಂದು ಭಾಗವೂ ಇತ್ತು. ಮಾರುವವರು ರಾಜ್ಯದ ಗಡಿಯೊಳಗೆ, ರೈತನಿಗೆ ಎಟಕುವ ದೂರದಲ್ಲಿ, ಬಿಡಿಭಾಗಗಳ ದಾಸ್ತಾನಿರುವ ಸರ್ವಿಸ್ ಕೇಂದ್ರ ಇಡಲೇಬೇಕು.

ಆ ಎರಡೂ ಕೆಲಸಕ್ಕೆ ಬೇಕಾದದ್ದು ನಮ್ಮಲ್ಲಿ ಈಗಾಗಲೇ ಇದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ, ತುಂಗಭದ್ರಾ ಅಚ್ಚುಕಟ್ಟಿನ ಭತ್ತ ಅದರ ಬಾಗಿಲಲ್ಲೇ ಬೆಳೆಯುತ್ತದೆ. ಮೈಸೂರಿನಲ್ಲಿ 1950ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇದೆ. ಒಂದೇ ರಾಶಿಯ ಅಕ್ಕಿಯನ್ನು, ಇಷ್ಟೇ ಕಪ್ಪು ಕಾಳು ಬೆರೆಸಿ, ಎಲ್ಲ ಕಂಪನಿಯ ಯಂತ್ರಗಳಲ್ಲಿ ಓಡಿಸಿ, ಎಷ್ಟು ಕೆಟ್ಟದ್ದು ಉಳಿಯಿತು, ಎಷ್ಟು ಒಳ್ಳೆಯದು ಹೊರಹೋಯಿತು, ಟನ್ನಿಗೆ ಎಷ್ಟು ಗಾಳಿ, ಎಷ್ಟು ಕರೆಂಟು ತಿಂದಿತು ಎಂದು ಕನ್ನಡದಲ್ಲಿ ಪ್ರಕಟಿಸಿದರೆ ಸಾಕು. ಹುಬ್ಬಳ್ಳಿಯವರೋ ಕೊಯಮತ್ತೂರಿನವರೋ ಒಳ್ಳೆ ಯಂತ್ರ ಮಾಡಿದ್ದರೆ ಹೆಸರಿನ ಬಲವಿಲ್ಲದೆಯೂ ಗೆಲ್ಲುವ ದಾರಿ ಅದರಿಂದ ತೆರೆಯುತ್ತದೆ. ಸಹಾಯಧನ ಕೊಡುವ ಇಲಾಖೆಗಳು ಜಿಲ್ಲೆಯಲ್ಲಿ ಬಿಡಿಭಾಗದ ದಾಸ್ತಾನು ಇರುವ ಕಂಪನಿಯ ಯಂತ್ರಕ್ಕಷ್ಟೇ ದುಡ್ಡು ಎಂದು ಒಂದು ಸಾಲು ಸೇರಿಸಬಹುದು. ಮಿಲ್ ಮಾಲೀಕರ ಸಂಘಗಳು ಅದಕ್ಕೂ ಕಾಯಬೇಕಿಲ್ಲ. ಒಂದೇ ಕಂಪನಿಯ ಯಂತ್ರ ಇಟ್ಟ ಇಪ್ಪತ್ತು ಮಿಲ್ಲುಗಳು ಕೂಡಿ ಗಂಗಾವತಿಯಲ್ಲಿ ಒಂದು ಬೀರು ತುಂಬ ವಾಲ್ವ್, ಬೋರ್ಡು, ವೈಪರ್ ಇಟ್ಟುಕೊಂಡು, ಒಬ್ಬ ಡಿಪ್ಲೊಮಾ ಹುಡುಗನಿಗೆ ತರಬೇತಿ ಕೊಡಿಸಿದರೆ ನಾಲ್ಕೈದು ದಿನದ ಕಾಯುವಿಕೆ ಒಂದು ಗಂಟೆಗೆ ಇಳಿಯುತ್ತದೆ.

ಮಾವ ಈಗ ಎರಡನೆಯ ಸಾರ್ಟರ್ ಕೊಳ್ಳಲು ಹೊರಟಿದ್ದಾರೆ. ಕಳೆದ ತಿಂಗಳು ಡೀಲರ್ ಡೆಮೊಗೆ ಕರೆದಾಗ ಅವರು ಇಟ್ಟಿದ್ದ ಅಕ್ಕಿ ಬೇಡವೆಂದು, ತಮ್ಮ ಮಿಲ್ಲಿನಲ್ಲಿ ಮಳೆಗೆ ಸಿಕ್ಕಿ ಹಳದಿಯಾದ ಭತ್ತದ ಅಕ್ಕಿಯನ್ನೇ ಎರಡು ಚೀಲ ಹೊತ್ತುಕೊಂಡು ಹೋದರು. ಯಂತ್ರ ಚೆನ್ನಾಗಿಯೇ ಓಡಿತು. ರಿಜೆಕ್ಷನ್ ಡಬ್ಬಿಗೆ ಕೈಹಾಕಿ ಒಂದು ಹಿಡಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಒಳ್ಳೆ ಕಾಳು ಎಷ್ಟಿವೆ ಎಂದು ಎಣಿಸಿದರು. ಆಮೇಲೆ ಜೇಬಿನಿಂದ ಚೀಟಿ ತೆಗೆದು ಮೂರು ವಿಷಯ ಕೇಳಿದರು. ಮೂವತ್ತು ವಾಲ್ವ್ ಯಂತ್ರದ ಜೊತೆಗೇ ಬರಬೇಕು. ಕಂಪ್ರೆಸರ್, ಡ್ರೈಯರ್ ಎರಡಕ್ಕೂ ಇದೇ ಡೀಲರ್ ಜವಾಬ್ದಾರಿ ಹೊರಬೇಕು. ವಾಲ್ವ್ ಪರೀಕ್ಷೆಯ ಪುಟದ ಪಾಸ್‌ವರ್ಡ್ ಬರಹದಲ್ಲಿ ಕೊಡಬೇಕು. ಮೊದಲಿನ ಎರಡಕ್ಕೆ ಡೀಲರ್ ಕೂಡಲೇ ಒಪ್ಪಿದರು. ಮೂರನೆಯದಕ್ಕೆ "ಹೆಡ್ ಆಫೀಸಿಗೆ ಕೇಳಿ ಹೇಳ್ತೀನ್ರಿ ಸಾವುಕಾರ್ರೇ" ಎಂದಿದ್ದಾರೆ. ಮಾವ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.